ಅಲೆ ನೋಡಿ ತೆರೆಯುವ ಬೇಕರಿಯಲ್ಲಿ ಹತ್ತು ದಿನ

ಕೊಲಂಬೊ

ಕೊಲಂಬೊದ ವಿಮಾನ ನಿಲ್ದಾಣದಲ್ಲಿ ನಮ್ಮ ಅತ್ತೆಯ ಚೀಲ ತೆರೆಸಿದ ಅಧಿಕಾರಿ ಮೊದಲು ಸೀನಿದರು, ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದರು. ಚೀಲದಲ್ಲಿ ಪಂಚೆಯಲ್ಲಿ ಕಟ್ಟಿದ ಅರವತ್ತು ಕಟಕ ರೊಟ್ಟಿ, ಎರಡು ಗಂಟು ಜೋಳದ ಹಿಟ್ಟು, ಶೇಂಗಾ ಚಟ್ನಿಪುಡಿ, ರೊಟ್ಟಿ ಬಡಿಯುವ ದೊಡ್ಡ ಪರಾತ ಎಲ್ಲ ಇದ್ದವು. ಅವು ಯಾವುವೂ ಅವರನ್ನು ಕಾಡಲಿಲ್ಲ. ಸೀರೆಗಳ ನಡುವೆ ಅತ್ತೆ ಸಿಕ್ಕಿಸಿದ್ದ ಇಂಗಿನ ಡಬ್ಬಿಯ ಮುಚ್ಚಳ ಮಾತ್ರ ದಾರಿಯಲ್ಲಿ ಸಡಿಲಾಗಿತ್ತು.

"ಇದೇನು?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ನನ್ನ ಇಂಗ್ಲಿಷ್ ಹತ್ತನೆಯ ಇಯತ್ತೆಯದು. ಇಂಗಿನ ಹೆಸರು ಆ ಪುಸ್ತಕದಲ್ಲಿ ಇರಲಿಲ್ಲ. ಅತ್ತೆಯ ಕಡೆ ತಿರುಗಿದೆ.

"ಔಷಧ ಅನ್ನು," ಅಂದರು ಅತ್ತೆ. "ಹೊಟ್ಟಿ ನೋವಿಗೆ ಔಷಧ. ಅದರಾಗ ಸುಳ್ಳೇನೈತಿ?"

ಔಷಧ ಎಂದೆ. ಅವರು ಮುಚ್ಚಳ ಬಿಗಿ ಮಾಡಿ, ಎರಡೇ ಬೆರಳಲ್ಲಿ ಹಿಡಿದು ಡಬ್ಬಿಯನ್ನು ಚೀಲಕ್ಕೆ ಇಟ್ಟರು. ನಾವು ಹೊರಗೆ ಬಂದೆವು. ಅತ್ತೆ ಸೆರಗು ಸರಿ ಮಾಡಿಕೊಂಡು, "ಪರದೇಶ ಅಂದ್ರ ಇಷ್ಟನ?" ಎಂದರು.

ನನ್ನ ಹೆಸರು ಗಿರಿಜಾ. ದಾಂಡೇಲಿಯಲ್ಲಿ ನನ್ನದೊಂದು ರೊಟ್ಟಿ ಕೇಂದ್ರವಿದೆ. ಕೇಂದ್ರ ಎಂದರೆ ನಮ್ಮ ಮನೆಯ ಮುಂದಿನ ಕೋಣೆ, ಎರಡು ಒಲೆ, ನಾನು ಮತ್ತು ನಮ್ಮ ಅತ್ತೆ ಬಸವ್ವ. ಅರವತ್ತೆಂಟರಲ್ಲೂ ಅವರು ಬಡಿದ ರೊಟ್ಟಿ ನನ್ನದಕ್ಕಿಂತ ತೆಳ್ಳಗೆ ಬರುತ್ತದೆ. ಅದನ್ನು ದಿನಕ್ಕೆ ಒಮ್ಮೆಯಾದರೂ ನೆನಪಿಸುತ್ತಾರೆ. ನಮ್ಮ ಮನೆಯವರು ಕಾಗದದ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸದವರು. ಮಗಳು ಸಿಂಚನಾ, ಹನ್ನೊಂದು ವರ್ಷ, ಐದನೆಯ ಇಯತ್ತೆ.

ಈ ಪ್ರವಾಸ ಅವಳಿಂದಲೇ ಶುರುವಾದದ್ದು. ಎರಡು ವರ್ಷದ ಹಿಂದೆ ಹುಬ್ಬಳ್ಳಿಯ ಡಾಕ್ಟರು ಅವಳಿಗೆ ಗೋಧಿ ಆಗುವುದಿಲ್ಲ, ಅದರೊಳಗಿನ ಗ್ಲುಟೆನ್ ಎಂಬ ಅಂಟು ಅವಳ ಕರುಳನ್ನು ಕೆಡಿಸುತ್ತದೆ, ಇನ್ನು ಜನ್ಮಪೂರ್ತಿ ಒಂದು ತುಣುಕೂ ಕೊಡಬೇಡಿ ಅಂದರು. ಅವತ್ತೇ ಮನೆಯಿಂದ ಗೋಧಿ ಹಿಟ್ಟು, ರವೆ, ಶ್ಯಾವಿಗೆ, ಬಿಸ್ಕೀಟು ಎಲ್ಲ ಹೊರಗೆ ಹೋದವು. ಪೇಟೆಯ ಗಿರಣಿಯಲ್ಲಿ ಗೋಧಿಯ ಹಿಂದೆಯೇ ಜೋಳ ಬೀಸುತ್ತಾರೆಂದು ಅಟ್ಟದ ಮೇಲಿನ ಬೀಸುಕಲ್ಲು ಇಳಿಸಿದೆವು. ಆದರೂ ವಾರಕ್ಕೆ ನಾಲ್ಕು ಸಲ ಹೊಟ್ಟೆ ಹಿಡಿದುಕೊಂಡು ಕೂರುತ್ತಿದ್ದಳು. ತೂಕ ಏರಲಿಲ್ಲ, ರಕ್ತ ಪರೀಕ್ಷೆ ಸುಧಾರಿಸಲಿಲ್ಲ. "ಹುಡುಗಿ ಎಲ್ಲೋ ಹೊರಗೆ ತಿಂತಾ ಇದಾಳೆ," ಅಂದುಬಿಟ್ಟರು ಡಾಕ್ಟರು.

ನಾನು ನಂಬಿದೆ. ಅವಳ ಪಾಟೀಚೀಲ ಜಾಲಾಡಿದೆ. ಊಟದ ಹೊತ್ತಿನಲ್ಲಿ ಬೇರೆ ಮಕ್ಕಳಿಂದ ದೂರ ಕೂಡಿಸಿರಿ ಎಂದು ಅವಳ ಟೀಚರಿಗೆ ಹೇಳಿ ಬಂದೆ. "ಅವ್ವಾ, ನಾ ಏನೂ ತಿಂದಿಲ್ಲ, ದೇವರಾಣಿ," ಎಂದು ಎಷ್ಟು ಸಲ ಹೇಳಿದಳೋ. "ಸುಳ್ಳು ಹೇಳಿದ್ರ ಬಾಯಿ ಮ್ಯಾಲೆ ಕೊಡ್ತೇನಿ," ಅಂದಿದ್ದೆ. ಅಂದಿನಿಂದ ನನ್ನ ಜೊತೆ ಅಗತ್ಯಕ್ಕೆ ಬೇಕಾದಷ್ಟೇ ಮಾತು. ನಾವು ಹೊರಟ ದಿನ ಬಸ್ ಸ್ಟ್ಯಾಂಡಿಗೂ ಬರಲಿಲ್ಲ. ಹಳಿಯಾಳ ದಾಟುವವರೆಗೆ ನಾನು ಕಿಟಕಿಯ ಹೊರಗೇ ನೋಡುತ್ತಿದ್ದೆ.

ವೆಲಿಗಾಮದ ರೈಲು

ನಮ್ಮನ್ನು ಕರೆಸಿಕೊಂಡವಳು ನದೀಶಾ. ಹೋದ ವರ್ಷ ಕಾಳಿ ನದಿಯಲ್ಲಿ ರಾಫ್ಟಿಂಗ್ ಮಾಡಲು ಬಂದಿದ್ದ ಶ್ರೀಲಂಕಾದ ಹೆಣ್ಣುಮಗಳು. ಅವಳಿಗೂ ಸಿಂಚನಾಳದೇ ರೋಗ. ರೆಸಾರ್ಟಿನ ಅಡುಗೆಗೆ ಹೆದರಿ ಎರಡು ದಿನ ಬಾಳೆಹಣ್ಣಿನಲ್ಲೇ ಕಳೆದಿದ್ದವಳನ್ನು ರಾಫ್ಟಿನ ಗೈಡು ನಮ್ಮ ಮನೆಗೆ ಕರೆತಂದ. ಅವತ್ತು ಬರೀ ರೊಟ್ಟಿ, ಮೊಸರು, ಶೇಂಗಾ ಚಟ್ನಿ. ನಾಲ್ಕು ರೊಟ್ಟಿ ತಿಂದು ಐದನೆಯದಕ್ಕೆ ಕೈ ಚಾಚಿದಾಗ ಅವಳ ಕಣ್ಣಲ್ಲಿ ನೀರಿತ್ತು. ಖಾರಕ್ಕೆ ಎಂದುಕೊಂಡೆ. ಹಾಗಲ್ಲವಂತೆ, ಹೆದರದೆ ಉಣ್ಣುವುದು ಅವಳಿಗೆ ಅಪರೂಪವಂತೆ.

ಅವಳದು ಸಮುದ್ರದ ದಂಡೆಯಲ್ಲಿ ಗೋಧಿಯೇ ಕಾಲಿಡದ ಬೇಕರಿ. ಬಂದು ಜೋಳದ ರೊಟ್ಟಿ ಕಲಿಸಿರಿ, ನಾನು ನಿಮಗೆ ಮೆತ್ತನೆಯ ಬನ್ ಕಲಿಸುತ್ತೇನೆ ಎಂದಳು. ಬನ್ ಎಂಬ ಮಾತು ಕೇಳಿದ್ದೇ ನಾನು ಒಪ್ಪಿಕೊಂಡೆ. ಸಿಂಚನಾ ಬೇಕರಿಯ ಮುಂದೆ ಹೋಗುವಾಗ ಮೂಗು ಮುಚ್ಚಿಕೊಂಡು ಹೋಗುತ್ತಾಳೆ, ವಾಸನೆ ಬಂದರೆ ಬೇಕೆನಿಸುತ್ತದೆಂದು.

ಕೊಲಂಬೊದಿಂದ ದಕ್ಷಿಣಕ್ಕೆ ಹೋಗುವ ರೈಲು ಸಮುದ್ರದ ಅಂಚಿಗೇ ಓಡುತ್ತದೆ. ಕಿಟಕಿಯಿಂದ ಕೈ ಚಾಚಿದರೆ ಉಪ್ಪುನೀರು ಸಿಡಿಯುತ್ತದೇನೋ ಅನ್ನುವಷ್ಟು ಹತ್ತಿರ. ಎದುರಿನ ಸೀಟಿನಲ್ಲಿ ಕೇಸರಿ ನಿಲುವಂಗಿಯ ಭಿಕ್ಷುಗಳು ಕೂತಿದ್ದರು. ಅತ್ತೆ ಅವರನ್ನು ದಿಟ್ಟಿಸಿ, "ಮುಂಡಗೋಡ ಕ್ಯಾಂಪಿನ ಲಾಮಾಗೋಳು ಇಲ್ಲೇನ ಮಾಡಾಕತ್ತಾರ?" ಎಂದರು. ಇವರು ಬೇರೆಯವರು ಎಂದೆ. "ಅರಿವಿ ಬಣ್ಣ ಬ್ಯಾರೆ, ನಗೂದು ಒಂದ," ಎಂದು ತೀರ್ಮಾನ ಮಾಡಿ, ಪಂಚೆ ಬಿಚ್ಚಿ ಅವರಿಗೊಂದು ಕಟಕ ರೊಟ್ಟಿ ಕೊಟ್ಟರು. ಅವರು ಅದನ್ನು ಪಟಪಟ ಮುರಿದು ಹಂಚಿಕೊಂಡು ತಿಂದು "ಸ್ತೂತಿ" ಎಂದರು. ಅಲ್ಲಿ ಉಪಕಾರ ನೆನೆಯುವುದು ಹಾಗೆ. ಅತ್ತೆಗೆ ಆ ಮಾತು ಬಹಳ ಹಿಡಿಸಿತು. ಮುಂದಿನ ಹತ್ತು ದಿನ ಆಟೋದವನಿಗೂ ನಾಯಿಗೂ ಅವರು ಸ್ತೂತಿ ಹೇಳಿದರು.

ಮೊದಲ ದಿನ: ಮಡಿ

ನದೀಶಾಳ ಬೇಕರಿ ವೆಲಿಗಾಮದ ಹತ್ತಿರದ ಒಂದು ಹಳ್ಳಿಯಲ್ಲಿದೆ. ಹಂಚಿನ ಮಾಡು, ಮುಂದೆ ನಾಲ್ಕು ಬೆಂಚು, ಗೋಡೆಗೆ ಒರಗಿಸಿದ, ಅಲೆಯಾಟದ ಉದ್ದುದ್ದ ಹಲಗೆಗಳು. ಬೆಳಿಗ್ಗೆ ಏಳಕ್ಕೆ ನಾವು ಸಿದ್ಧರಾಗಿ ನಿಂತರೆ ಬಾಗಿಲಿಗೆ ಬೀಗ. ಬಾಗಿಲ ಮೇಲಿನ ಕರಿಹಲಗೆಯಲ್ಲಿ ಸೀಮೆಸುಣ್ಣದಿಂದ ಇಂಗ್ಲಿಷಿನಲ್ಲಿ ಬರೆದಿತ್ತು: ಅಲೆ ಚೆನ್ನಾಗಿದೆ, ತಡವಾಗಿ ತೆರೆಯುತ್ತೇವೆ.

ದಾಂಡೇಲಿಯಲ್ಲಿ ಕಾರ್ಖಾನೆಯ ಭೋಂಗಾ ಕೂಗಿದರೆ ಊರು ಏಳುತ್ತದೆ, ಕೂಗಿದರೆ ಉಣ್ಣುತ್ತದೆ. ಇಲ್ಲಿ ಸಮುದ್ರ ಸುಮ್ಮನಾದ ಮೇಲೆ ಅಂಗಡಿ ತೆರೆಯುತ್ತದೆ. ದಂಡೆಗೆ ಹೋಗಿ ನೋಡಿದರೆ ನದೀಶಾ ಹಲಗೆಯ ಮೇಲೆ ನಿಂತು ಅಲೆಯ ಜೊತೆ ಬರುತ್ತಿದ್ದಳು. ಅವಳ ಹಿಂದೆ ಮುಂದೆ ಇಪ್ಪತ್ತು ಮಂದಿ, ಗಂಡಸರು, ಹೆಂಗಸರು, ಬಿಳಿಯರು, ಕರಿಯರು. ಬೀಳುತ್ತಿದ್ದರು, ನಗುತ್ತಿದ್ದರು, ಮತ್ತೆ ಒಳಗೆ ಹೋಗುತ್ತಿದ್ದರು.

"ದಂಡಿಗೆ ಬಂದು ಮುಟ್ಟಿದ ಮ್ಯಾಲೆ ಮತ್ತ ಯಾಕ ಒಳಗ ಹೋಗ್ತಾರ?" ಅತ್ತೆ ಕೇಳಿದರು. "ನಮ್ಮೂರ ರಾಫ್ಟ್ ಆದ್ರ ಒಂದ ಕಡೆಯಿಂದ ಇನ್ನೊಂದ ಕಡೆಗರ ಹೋಗ್ತದ."

"ಅದು ಆಟ ರೀ ಅತ್ತಿ."

"ಇವರ ಶಿಫ್ಟ್ ಯಾವಾಗ?"

ಒಂಬತ್ತಕ್ಕೆ ತಲೆ ಒರೆಸಿಕೊಳ್ಳುತ್ತ ಬಂದ ನದೀಶಾ ಅತ್ತೆಯನ್ನು "ಅಮ್ಮಾ" ಎಂದು ತಬ್ಬಿಕೊಂಡಳು. ಸೀರೆ ಅರ್ಧ ಒದ್ದೆಯಾಯಿತು. ಆದರೆ ಅಡುಗೆಕೋಣೆಯ ಬಾಗಿಲಿಗೆ ಬಂದದ್ದೇ ಅವಳು ಬೇರೆಯೇ ಮನುಷ್ಯಳಾದಳು. ಚಪ್ಪಲಿ ಹೊರಗೆ. ಕೈ ಮೊಣಕೈವರೆಗೆ ತೊಳೆಯಬೇಕು. ಹೊರಗಿನ ಬಟ್ಟೆಯ ಮೇಲೆ ಅವಳು ಕೊಟ್ಟ ಒಗೆದ ಏಪ್ರನ್. ಹೊರಗಿನ ಬ್ರೆಡ್ ತಿಂದು ಬಂದವರು ಬಾಯಿ ಮುಕ್ಕಳಿಸದೆ ಒಳಗೆ ಬರುವಂತಿಲ್ಲ. ನಮ್ಮ ಹಿಟ್ಟಿನ ಗಂಟು ಬಿಚ್ಚಿಸಿ, ಎಲ್ಲಿ ಬೀಸಿದ್ದು, ಯಾವುದರಲ್ಲಿ ಜರಡಿ ಹಿಡಿದದ್ದು ಎಂದು ಕೇಳಿ, ಒಂದು ಚಮಚ ನೀರಿನಲ್ಲಿ ಕಲಸಿ ಗೋಧಿ ಇದ್ದರೆ ಎರಡು ಗೆರೆ ತೋರುವ ಕಾಗದದ ಪಟ್ಟಿ ಅದ್ದಿ ಪರೀಕ್ಷೆ ಮಾಡಿದಳು. ಒಂದೇ ಗೆರೆ ಬಂತು. ಶುದ್ಧ ಎಂದಳು.

ನನಗೆ ಸ್ವಲ್ಪ ಅವಮಾನವಾಯಿತು ಎಂದೇ ಹೇಳಬೇಕು. ಅತ್ತೆಗೆ ಮಾತ್ರ ಹಬ್ಬ. "ನೋಡು, ಮಡಿ ಅಂದ್ರ ಹಿಂಗಿರಬೇಕು," ಎಂದರು. "ನೀ ಮನ್ಯಾಗ ನನ್ನ ನೋಡಿ ನಗತೀಯಲ್ಲ." ಅತ್ತೆಯ ಮಡಿ ದೇವರಿಗೆ, ನದೀಶಾಳ ಮಡಿ ಕರುಳಿಗೆ, ನಡೆದುಕೊಳ್ಳುವ ರೀತಿ ಮಾತ್ರ ಒಂದೇ. ಮುಟ್ಟಬಾರದ್ದು, ಬೆರೆಸಬಾರದ್ದು, ಬೇರೆ ಸೌಟು, ಬೇರೆ ಬಟ್ಟೆ. ಇಬ್ಬರಿಗೂ ಭಾಷೆಯೇ ಬೇಕಾಗಲಿಲ್ಲ.

"ತಿನ್ನುವ ವಸ್ತು ಇನ್ನೇನಾದರೂ ತಂದಿದ್ದೀರಾ?" ನದೀಶಾ ಕೇಳಿದಳು. ರೊಟ್ಟಿ, ಚಟ್ನಿಪುಡಿ ಎಲ್ಲ ತೋರಿಸಿದೆವು. ಇಂಗಿನ ಡಬ್ಬಿ ಕೋಣೆಯಲ್ಲಿ ಸೀರೆಗಳ ನಡುವೆಯೇ ಉಳಿಯಿತು. ಅದು ತಿನ್ನುವ ವಸ್ತು ಎಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಮೂರನೆಯ ದಿನ: ಹಾಡುವ ಗಾಡಿ

ಆ ಬೇಕರಿಯಲ್ಲಿ ಬೆಳಗಿನ ತಿಂಡಿ ಒಂದು ತೆಂಗಿನ ಚಿಪ್ಪಿನಲ್ಲಿ ಬರುತ್ತದೆ. ಕೆಳಗೆ ಹಣ್ಣು ಅರೆದದ್ದು, ಮೇಲೆ ಹಣ್ಣು ಹೆಚ್ಚಿದ್ದು, ಅದರ ಮೇಲೆ ಬೀಜಗಳು. ಅತ್ತೆ ಎರಡು ಚಮಚ ತಿಂದು, "ಇದು ಪೂಜಾದ ಪ್ರಸಾದ. ತಿಂಡಿ ಎಲ್ಲೈತಿ?" ಎಂದರು. ಬೆಣ್ಣೆಹಣ್ಣನ್ನು ಹಿಸುಕಿ ತಿನ್ನಲು ಕೊಟ್ಟರೆ ಉಪ್ಪು, ಖಾರ, ನಿಂಬೆಹುಳಿ, ಹಸಿ ಉಳ್ಳಾಗಡ್ಡಿ ಬೆರೆಸಿ, ಕಟಕ ರೊಟ್ಟಿಯ ಮೇಲೆ ಸವರಿ ಚೂರು ಮಾಡಿ ಕೊಟ್ಟರು. ಸಮುದ್ರದಿಂದ ಹಸಿದು ಬಂದವರು ಅದನ್ನು ಮುಗಿಬಿದ್ದು ತಿಂದರು. ಮಾರನೆಯ ದಿನ ಕರಿಹಲಗೆಯ ಮೇಲೆ ಅದು ಹೊಸ ತಿಂಡಿಯಾಗಿತ್ತು, "ಬಸವ್ವಾ" ಎಂಬ ಹೆಸರಿನಲ್ಲಿ. ಅತ್ತೆಗೆ ಓದಲು ಬರುವುದಿಲ್ಲ. ನಾನು ಓದಿ ಹೇಳಿದಾಗ, "ನನ್ನ ಹೆಸರು ತಿಂತಾರೇನ?" ಎಂದು ಬೈದರು, ಆದರೆ ಅವತ್ತೆಲ್ಲ ಆ ಹಲಗೆಯ ಹತ್ತಿರವೇ ಕೂತರು.

ಮೂರನೆಯ ದಿನವೇ ಇನ್ನೊಂದು ಪಜೀತಿ. ನಾವು ಉಳಿದುಕೊಂಡ ಕೋಣೆಯ ಹೊರಗೆ ದೂರದಿಂದ ಹಾಡು ಕೇಳಿಸಿತು, ಗಾಡಿಯ ಮೇಲಿನ ಸ್ಪೀಕರಿನದು. ದಾಂಡೇಲಿಯಲ್ಲಿ ಬೆಳಿಗ್ಗೆ ಹಾಡು ಹಾಕಿಕೊಂಡು ಬರುವುದು ನಗರಸಭೆಯ ಕಸದ ಗಾಡಿ. ತಡವಾದರೆ ಹೋಗೇಬಿಡುತ್ತದೆ. ಅತ್ತೆ ಕಸದ ಬುಟ್ಟಿ ಹಿಡಿದು ಓಡಿದರು. ಗಾಡಿ ನಿಂತಿತು. ಗಾಡಿಯವನು ಹಿಂದಿನ ಬಾಗಿಲು ತೆರೆದ. ಅತ್ತೆ ಬುಟ್ಟಿ ಎತ್ತಿದರು. ಒಳಗೆ ಗಾಜಿನ ಹಿಂದೆ ಸಾಲಾಗಿ ಬಿಸಿ ಬ್ರೆಡ್ಡು, ಬನ್ನು. ಅಲ್ಲಿ ಹಾಡುತ್ತ ಬರುವುದು ಬ್ರೆಡ್ಡಿನ ಆಟೋ!

ನಾನು ಹೋಗಿ ಬುಟ್ಟಿ ಕಸಿದುಕೊಳ್ಳುವ ಹೊತ್ತಿಗೆ ಬೀದಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನಗುತ್ತಿದ್ದರು. ಆಟೋದವನೂ ನಕ್ಕು ಅತ್ತೆಗೊಂದು ಬನ್ ಕೊಟ್ಟ. ಅತ್ತೆ ಅದನ್ನು ಮುಟ್ಟಲಿಲ್ಲ. "ಬ್ಯಾಡಪ್ಪಾ, ನಮ್ಮ ಹುಡುಗಿಗೆ ಆಗೂದಿಲ್ಲ," ಎಂದು ಕನ್ನಡದಲ್ಲೇ ಹೇಳಿ ಸ್ತೂತಿ ಎಂದರು. ಹುಡುಗಿ ಇದ್ದದ್ದು ಸಮುದ್ರದ ಆಚೆ. ನನಗೆ ಅವತ್ತು ಅತ್ತೆಯ ಮೇಲೆ ಬಹಳ ಪ್ರೀತಿ ಬಂತು.

ಐದನೆಯ ದಿನ: ಎಸರು

ಗೋಧಿ ಇಲ್ಲದ ಬನ್ನಿನ ಕಷ್ಟ ಒಂದೇ. ಅಂಟಿಲ್ಲ. ಉಬ್ಬುತ್ತದೆ, ಆಮೇಲೆ ಒಡೆದು ಮರಳಾಗುತ್ತದೆ. ನದೀಶಾ ಅಕ್ಕಿ ಹಿಟ್ಟು, ರಾಗಿ, ಮರಗೆಣಸಿನ ಹಿಟ್ಟು ಎಲ್ಲ ಬೆರೆಸಿ ಬನ್ ಮಾಡುತ್ತಿದ್ದಳು, ಜೋಳ ಮಾತ್ರ ಅವಳ ಕೈಗೆ ಬಗ್ಗಿರಲಿಲ್ಲ. ಮರಗೆಣಸು ನೋಡಿ ನನಗೆ ಜೋಯಿಡಾದಿಂದ ನಮ್ಮ ಸಂತೆಗೆ ಗೆಡ್ಡೆಗಳ ಬುಟ್ಟಿ ಹೊತ್ತು ಬರುವ ಹೆಂಗಸರ ನೆನಪಾಯಿತು. ಅವರ ಗೆಡ್ಡೆಯನ್ನು ನಾನು ಬೇಯಿಸಿ ತಿಂದದ್ದು ಬಿಟ್ಟರೆ ಹಿಟ್ಟು ಮಾಡಬಹುದೆಂದು ಯೋಚಿಸಿರಲೇ ಇಲ್ಲ.

ನದೀಶಾ ಜೋಳದ ಹಿಟ್ಟಿಗೆ ತಣ್ಣೀರು ಹಾಕಿದ್ದನ್ನು ನೋಡಿ ಅತ್ತೆ ಹಣೆ ಚಚ್ಚಿಕೊಂಡರು. "ಜ್ವಾಳಕ್ಕ ಯಾರರ ತಣ್ಣೀರು ಹಾಕ್ತಾರೇನ? ಎಸರ ಎಲ್ಲಿ?" ಎಂದು ಅವಳನ್ನು ಮೊಣಕೈಯಿಂದ ಸರಿಸಿ, ಕುದಿಯುವ ನೀರನ್ನು ಹಿಟ್ಟಿನ ಗುಳಿಗೆ ಸುರಿದು, ಸೌಟಿನ ಹಿಂದಿನಿಂದ ತಿರುವಿ, ಆರಿದ ಮೇಲೆ ಅಂಗೈಯ ಬುಡದಿಂದ ನಾದಿದರು. ಬಿಸಿನೀರಿಗೆ ಜೋಳ ತಾನೇ ಅಂಟು ಬಿಡುತ್ತದೆ. ನಮಗದು ದಿನದ ಕೆಲಸ. ನದೀಶಾ ಮಾತ್ರ ಆ ಮುದ್ದೆಯನ್ನು ಎಳೆದು, ಮುದುಡಿ, ಮತ್ತೆ ಎಳೆದು ನೋಡುತ್ತ ನಿಂತಳು.

ಆ ಎಸರು ಹಾಕಿದ ಹಿಟ್ಟಿಗೆ ಅವಳು ತೆಂಗಿನ ಹಾಲು, ಕಳಿತ ಬಾಳೆಹಣ್ಣು, ಅಲ್ಲಿನ ಬೈನೆ ಮರದ ಬೆಲ್ಲ ಸೇರಿಸಿದಳು. ಮೊಟ್ಟೆಯ ಬದಲು ಇಸಬಗೋಲ್ ಹೊಟ್ಟು. "ಹೊಟ್ಟಿ ಕಟ್ಟಿದವರಿಗೆ ಕೊಡೂದನ್ನ ಬನ್ನಿಗೆ ಹಾಕ್ತಾಳ," ಎಂದು ಅತ್ತೆ ನನ್ನ ಕಿವಿಯಲ್ಲಿ ಹೇಳಿದರು. ಮೊದಲ ಸಲ ಇಟ್ಟಿಗೆಯಾಯಿತು. ಎರಡನೆಯ ಸಲ ಒಳಗೆ ಹಸಿ. ಮೂರನೆಯ ಸಲ ಒಲೆಯ ಬಾಗಿಲು ತೆರೆದಾಗ ಬನ್ನುಗಳು ಗುಂಡಗೆ, ಕಂದಾಗಿ, ಹೆಣ್ಣುಮಕ್ಕಳ ಕೆನ್ನೆಯ ಹಾಗೆ ಉಬ್ಬಿದ್ದವು. ಒಂದನ್ನು ಮುರಿದೆ. ಹರಿಯಿತು, ಪುಡಿಯಾಗಲಿಲ್ಲ. ನಾನು ಅಲ್ಲೇ ನಿಂತು ಅತ್ತುಬಿಟ್ಟೆ.

ಮನೆಗೆ ವಿಡಿಯೊ ಕರೆ ಮಾಡಿ ಬನ್ ತೋರಿಸಿದೆ. ಸಿಂಚನಾ ನೋಡಿ "ಹೂಂ" ಅಂದಳು. ಬೇರೇನೂ ಇಲ್ಲ. ಫೋನು ಅಪ್ಪನ ಕೈಗೆ ಹೋಯಿತು.

"ಹೊಟ್ಟಿ ಹೆಂಗೈತ್ರೀ ಅಕಿದು?"

"ಛಲೋ ಐತಿ. ನೀವು ಹ್ವಾದಾಗಿಂದ ಒಮ್ಮಿನೂ ನೋವು ಅಂದಿಲ್ಲ. ನಾ ಮಾಡಿದ ಸಪ್ಪನ ಬ್ಯಾಳಿ ಅನ್ನ ಎರಡೆರಡ ಸಲ ಹಾಕಿಸ್ಕೊಂಡ ಉಣ್ಣಾಕತ್ತಾಳ."

ಸಂತೋಷಪಡಬೇಕಿತ್ತು. ನನಗೆ ಸಿಟ್ಟು ಬಂತು. "ಅಂದ್ರ ನಾ ಇದ್ದಾಗ ಅಷ್ಟ ನೋವೇನು? ಎಲ್ಲಾ ನಾಟಕ," ಅಂದೆ. ಫೋನು ಸ್ಪೀಕರಿನಲ್ಲಿತ್ತು. ಬಾಗಿಲು ಬಡಿದ ಸದ್ದು ನನಗೂ ಕೇಳಿಸಿತು.

ಏಳನೆಯ ದಿನ: ಅತ್ತೆಯ ಸಾರು

ಬನ್ ಕಲಿಸಿದ್ದಕ್ಕೆ ನಮ್ಮ ಕಡೆಯಿಂದ ಒಂದು ಊಟ ಆಗಬೇಕೆಂದು ಅತ್ತೆ ಹಟ ಹಿಡಿದರು. ಬೇಳೆ, ಹುಣಸೆ, ಮೆಣಸಿನಪುಡಿ ಎಲ್ಲ ನದೀಶಾಳ ಅಡುಗೆಕೋಣೆಯದೇ, ಅವಳು ನೋಡಿ ಒಪ್ಪಿದ್ದೇ. ಕೊನೆಗೆ ಒಗ್ಗರಣೆ ಹಾಕಿ ಮುಚ್ಚಳ ಮುಚ್ಚಿದರು. ಮಧ್ಯಾಹ್ನ ನಾವು, ನದೀಶಾ, ಅವಳ ಇಬ್ಬರು ಕೆಲಸದ ಹೆಂಗಸರು ಒಟ್ಟಿಗೆ ಕೂತು ಉಂಡೆವು. ಕೆಂಪಕ್ಕಿ ಅನ್ನ, ನಮ್ಮ ಸಾರು, ಅವರ ತೆಂಗಿನ ಚಟ್ನಿ, ಸಂಬೋಲ. ನದೀಶಾ ಸಾರನ್ನು ಲೋಟದಲ್ಲಿ ಹಾಕಿಸಿಕೊಂಡು ಕುಡಿದಳು. ಈ ಪರಿಮಳ ಎಲ್ಲಿಯದು ಎಂದು ಕೇಳಿದಳು. "ಕೈಗುಣ," ಅಂದರು ಅತ್ತೆ.

ಸಂಜೆ ದಂಡೆಯಲ್ಲಿ ಅತ್ತೆ ಮೊಣಕಾಲವರೆಗೆ ನೀರಿಗಿಳಿದು ನಿಂತರು. ಅಲೆ ಬಂದಾಗೆಲ್ಲ ನನ್ನ ಕೈ ಹಿಡಿದು ಹುಡುಗಿಯ ಹಾಗೆ ಕಿರುಚುತ್ತಿದ್ದರು. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಅವರ ಆ ದನಿ ನಾನು ಕೇಳಿರಲಿಲ್ಲ.

ಎಂಟನೆಯ ದಿನ: ಮುಚ್ಚಿದ ಬಾಗಿಲು

ಬೆಳಿಗ್ಗೆ ಬಾಗಿಲಿಗೆ ಬೀಗವಿತ್ತು. ಕರಿಹಲಗೆ ಖಾಲಿ. ಅಲೆಗಳು ಎತ್ತರವಾಗಿ ಬರುತ್ತಿದ್ದವು, ಆದರೆ ನೀರಿನಲ್ಲಿ ನದೀಶಾ ಕಾಣಲಿಲ್ಲ. ಬೇಕರಿಯ ಹಿಂದಿನ ಅವಳ ಮನೆಗೆ ಹೋದರೆ ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗಿದ್ದಳು. ಹಿಂದಿನ ಸಂಜೆಯಿಂದ ವಾಂತಿ. ಮುಖ ಬಿಳಿಚಿಕೊಂಡಿತ್ತು. ಆ ಮಲಗುವ ಭಂಗಿ ನನಗೆ ಗೊತ್ತಿತ್ತು. ನನ್ನ ಮಗಳು ಹಾಗೆಯೇ ಮಲಗುತ್ತಾಳೆ.

"ಗೋಧಿ ಒಳಗೆ ಬಂದಿದೆ," ಎಂದಳು. "ಎಲ್ಲಿಂದ ಎಂದು ಗೊತ್ತಾಗುವವರೆಗೆ ನಾನು ಬಾಗಿಲು ತೆರೆಯುವುದಿಲ್ಲ. ನನ್ನನ್ನು ನಂಬಿ ತಿನ್ನುವವರಿದ್ದಾರೆ."

ನಿನ್ನೆ ಬಳಸಿದ್ದನ್ನೆಲ್ಲ ಮೇಜಿನ ಮೇಲೆ ಇಡಿಸಿದಳು. ಕಂಬಳಿ ಹೊದ್ದು ಕುರ್ಚಿಯಲ್ಲಿ ಕೂತು ಒಂದೊಂದೇ ಡಬ್ಬಿ ಎತ್ತಿ ನೋಡಿದಳು. ಅಕ್ಕಿ, ಬೇಳೆ, ಹುಣಸೆ, ಎಣ್ಣೆ, ಸಾಸಿವೆ. ಎಲ್ಲ ಅವಳದೇ ಡಬ್ಬಿಗಳು. "ಇಷ್ಟೇ," ಅಂದೆ ನಾನು. "ಬೇರೇನೂ ಹಾಕಿಲ್ಲ."

ಅತ್ತೆ ಎದ್ದು ನಮ್ಮ ಕೋಣೆಗೆ ಹೋದರು. ಬಂದು ಇಂಗಿನ ಡಬ್ಬಿಯನ್ನು ಮೇಜಿನ ಮೇಲೆ ಇಟ್ಟರು. "ಇದನ್ನ ಹಾಕೇನಿ. ಒಗ್ಗರಣಿಗೆ ಎರಡ ಚಿಟಿಕಿ. ಇದು ಔಷಧ, ಇದರಾಗ ಏನೈತಿ?"

ಡಬ್ಬಿಯ ಹಿಂಬದಿ ತಿರುಗಿಸಿದೆ. ಇರುವೆ ಸಾಲಿನಷ್ಟು ಸಣ್ಣ ಅಕ್ಷರ. ಬೆಳಕಿಗೆ ಹಿಡಿದು ಓದಿದೆ. ಗೋಧಿ ಹಿಟ್ಟು ಎಂದಿತ್ತು. ಇಂಗಿನ ಅಂಟು ಹಾಗೇ ಹಾಕಲಾಗದಷ್ಟು ಘಾಟು, ಅದಕ್ಕೇ ಹಿಟ್ಟಿನಲ್ಲಿ ಬೆರೆಸಿ ಪುಡಿ ಮಾಡಿ ಮಾರುತ್ತಾರೆ. ನದೀಶಾ ಕಾಗದದ ಪಟ್ಟಿ ಅದ್ದಿದಳು. ಎರಡು ಗೆರೆ ಬಂದವು.

ಅತ್ತೆ ಮೊದಲು ನದೀಶಾಳ ಕಾಲು ಮುಟ್ಟಲು ಹೋದರು. ಅವಳು ತಡೆದು, "ಅಮ್ಮಾ, ಮೊದಲ ವರ್ಷವೆಲ್ಲ ನಾನು ಸೋಯಾ ಸಾಸ್ ತಿಂದು ಮಲಗಿದ್ದೆ. ಅದರಲ್ಲೂ ಗೋಧಿ ಇರುತ್ತದೆಂದು ಯಾರಿಗೆ ಗೊತ್ತಿತ್ತು? ಎರಡು ದಿನದಲ್ಲಿ ಏಳುತ್ತೇನೆ, ಬಿಡಿ," ಎಂದಳು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಅತ್ತೆ ಕೇಳಿಸಿಕೊಳ್ಳಲಿಲ್ಲ. ನೆಲದ ಮೇಲೆ ಕೂತುಬಿಟ್ಟಿದ್ದರು.

"ಗಿರಿಜಾ," ಅಂದರು. "ಆ ಕೂಸು ಹೊಟ್ಟಿ ನೋವು ಅಂದಾಗೆಲ್ಲಾ ನಾನ ಮಜ್ಜಿಗ್ಯಾಗ ಇಂಗು ಹಾಕಿ ಕುಡಿಸ್ತಿದ್ದೆ."

ನೋವು ಎಂದರೆ ಇಂಗಿನ ಮಜ್ಜಿಗೆ. ಕಡಿಮೆಯಾಗದಿದ್ದರೆ ಇನ್ನೊಂದು ಲೋಟ. ಸಾರಿಗೆ, ಪಲ್ಯಕ್ಕೆ, ಹುಳಿಗೆ ದಿನಾ ಇಂಗು. ಈಗ ಎಂಟು ದಿನ ಆ ಡಬ್ಬಿ ನಮ್ಮ ಜೊತೆ ಇಲ್ಲಿತ್ತು, ಅವಳು ಅಲ್ಲಿ ಆರಾಮಾಗಿದ್ದಳು. ಬಿಸ್ಕೀಟಿನ ಪಾಕೀಟು ಕಂಡರೆ ಹಿಂದೆ ಮುಂದೆ ತಿರುಗಿಸಿ ಓದುತ್ತಿದ್ದವಳು ನಾನು. ಮಗಳ ಪಾಟೀಚೀಲ ಕೂಡ ಬಿಟ್ಟವಳಲ್ಲ. ಒಲೆಯ ಪಕ್ಕದ ಡಬ್ಬಿಯನ್ನು ಎರಡು ವರ್ಷದಲ್ಲಿ ಒಮ್ಮೆಯೂ ಓದಲಿಲ್ಲ. ಅತ್ತೆಗೆ ಓದಲು ಬಾರದು. ನನಗೆ ಬರುತ್ತದೆ.

ನಾವಿಬ್ಬರೂ ಆ ಮಧ್ಯಾಹ್ನ ನದೀಶಾಳ ಅಡುಗೆಕೋಣೆಯ ಪಾತ್ರೆ, ಸೌಟು, ಮೇಜು, ನೆಲ ಎಲ್ಲ ತೊಳೆದೆವು. ಯಾರೂ ಹೇಳದೆ ಮೂರು ಸಲ ತೊಳೆದೆವು. ಶಾಲೆ ಬಿಡುವ ಹೊತ್ತಾಯಿತು. ದಂಡೆಯ ತೆಂಗಿನ ಮರದ ಕೆಳಗೆ ಕೂತು ಮನೆಗೆ ಫೋನ್ ಮಾಡಿದೆ.

"ಸಿಂಚನಾಗ ಕೊಡ್ರಿ."

"ಅಕಿ ಮಾತಾಡೂದಿಲ್ಲ ಅಂತಾಳ," ಅಂದರು ನಮ್ಮ ಮನೆಯವರು.

"ಮಾತಾಡೂದು ಬ್ಯಾಡ. ಕೇಳಿದ್ರ ಸಾಕು. ಕಿವಿ ಹತ್ರ ಹಿಡೀರಿ."

ಆ ಕಡೆ ಉಸಿರು ಕೇಳಿಸಿತು. ನಾನು ಎಲ್ಲ ಹೇಳಿದೆ. ಇಂಗಿನಲ್ಲಿ ಗೋಧಿ ಇತ್ತು ಎಂದೆ. ನೀನು ಶಾಲೆಯಲ್ಲಿ ಏನೂ ತಿಂದಿರಲಿಲ್ಲ, ಮನೆಯಲ್ಲಿ ನಾವೇ ತಿನಿಸುತ್ತಿದ್ದೆವು ಎಂದೆ. "ನೀ ಸುಳ್ಳು ಹೇಳಿರಲಿಲ್ಲವ್ವಾ. ನಾನ ನಿನ್ನ ನಂಬಲಿಲ್ಲ. ತಪ್ಪು ನಂದು."

"ಇನ್ನೊಮ್ಮೆ ಹೇಳು," ಅಂದಳು.

ಹೇಳಿದೆ.

"ತಡಿ. ಅಪ್ಪಾ, ಇಲ್ಲಿ ಬಾ. ಹಾಂ, ಈಗ ಹೇಳು."

ಮೂರನೆಯ ಸಲ ಅವಳ ಅಪ್ಪನಿಗೂ ಕೇಳುವ ಹಾಗೆ ಹೇಳಿದೆ. ಅತ್ತೆ ಫೋನು ಕಸಿದುಕೊಂಡು, "ಸಿಂಚೂ, ನಿನ್ನ ಆಯಿನ್ನ ಕ್ಷಮಾ ಮಾಡವ್ವಾ. ನಾನ ಕುಡಿಸಿದೆ. ನನಗ ಗೊತ್ತಾಗಲಿಲ್ಲ," ಎಂದು ಅಳತೊಡಗಿದರು.

"ಅಳಬ್ಯಾಡ ಆಯಿ. ನಿನಗ ಗೊತ್ತಿರಲಿಲ್ಲ," ಅಂದಳು ಸಿಂಚನಾ. "ಅವ್ವಾ, ಆಯಿಗೆ ಬೈಬ್ಯಾಡ."

"ಬೈಯೂದಿಲ್ಲ," ಅಂದೆ ಫೋನು ವಾಪಸು ತೆಗೆದುಕೊಂಡು. ನಿನಗೂ ಗೊತ್ತಿರಲಿಲ್ಲ ಎಂದು ನನಗೂ ಹೇಳುತ್ತಾಳೇನೋ ಎಂದು ಕಾದೆ. ಹೇಳಲಿಲ್ಲ.

"ನಮ್ಮ ಟೀಚರಿಗೆ ನೀನ ಬಂದು ಹೇಳಬೇಕು."

"ಹೇಳ್ತೇನಿ."

"ಆಫೀಸ್ ರೂಮಿನ್ಯಾಗಲ್ಲ. ಕ್ಲಾಸಿನ್ಯಾಗ. ಎಲ್ಲಾರ ಮುಂದ."

"ಎಲ್ಲಾರ ಮುಂದ ಹೇಳ್ತೇನಿ."

ಫೋನು ಇಟ್ಟಳೇನೋ ಎಂದು ಕಿವಿಯಿಂದ ತೆಗೆದು ನೋಡಿದೆ. ಇಟ್ಟಿರಲಿಲ್ಲ.

"ಅವ್ವಾ," ಅಂದಳು. "ಯಾವಾಗ ಬರ್ತೀ?"

ನಾವು ಊರು ಬಿಟ್ಟ ಮೇಲೆ ಅವಳಾಗಿ ನನ್ನನ್ನು ಕೇಳಿದ ಮೊದಲ ಮಾತು ಅದು.